ಮುತ್ಯಾನ ಪದಗಳ ಫೈಲು: ಮೂರನೇ ವಾರ

212 ಪುಟದ ಫೈಲು ಇನ್ನೂ ಮುಗಿದಿಲ್ಲ. ಆದರೆ ಈಗೀಗ ಹೇಳಿದ ಮಾತು ಕೇಳುತ್ತಿದೆ.

ನಮ್ಮ ಮುತ್ಯಾ, ಅಂದರೆ ಅಜ್ಜ, ಭಜನೆಯಲ್ಲಿ ಹಾಡುತ್ತಿದ್ದ ತತ್ವಪದಗಳ ವಹಿಗಳನ್ನು ಪುಸ್ತಕ ಮಾಡುತ್ತಿದ್ದೇನೆ. ಕಡಕೋಳ ಮಡಿವಾಳಪ್ಪನವರ ಪದಗಳೇ ಜಾಸ್ತಿ, ಚನ್ನೂರ ಜಲಾಲ್‌ಸಾಬರವೂ ಇವೆ. ಅರ್ಧ ನಾನು ಟೈಪ್ ಮಾಡಿದೆ. ಉಳಿದದ್ದನ್ನು ಕಲಬುರಗಿಯ ಒಂದು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದೆ. ಕಾಕಾ ಇನ್ನೊಂದಿಷ್ಟು ವಾಟ್ಸಾಪ್‌ನಲ್ಲಿ ಕಳಿಸಿದರು. ಮೂರನ್ನೂ ಹಾಗೇ ವರ್ಡ್‌ಗೆ ಅಂಟಿಸಿಬಿಟ್ಟೆ. ಅಲ್ಲಿಂದ ಶುರು ನೋಡಿ.

ಕಾಣದ ಗುರುತು ನೋಡಲು ಕಂಟ್ರೋಲ್, ಶಿಫ್ಟ್, 8 ಒತ್ತಿದಾಗ ಪರದೆ ತುಂಬ ಜೋಳ ಚೆಲ್ಲಿದ ಹಾಗೆ ಚುಕ್ಕಿಗಳು, ಒಂದೊಂದು ಸ್ಪೇಸ್‌ಗೂ ಒಂದು. ಪಲ್ಲವಿಯನ್ನು ನಡುವೆ ತರೋಕೆ ಸ್ಪೇಸ್ ಬಾರ್ ಒತ್ತಿ ಒತ್ತಿ ತಳ್ಳಿದ್ದಾರೆ! ಅವನ್ನೆಲ್ಲ ತೆಗೆದು ಪಲ್ಲವಿಗೇ ಒಂದು ಸ್ಟೈಲ್ ಮಾಡಿದೆ. ಒಂದು ಸಂಜೆಯ ಕೆಲಸ.

ಕೆಲವು ಸಾಲುಗಳಲ್ಲಿ ಶಬ್ದಗಳು ದೂರ ದೂರ ನಿಂತಿದ್ದವು. ಸಾಲಿನ ಕೊನೆಗೆ ಎಂಟರ್ ಬದಲು ಶಿಫ್ಟ್ ಎಂಟರ್ ಇತ್ತು, ಪ್ಯಾರಾ ಎರಡೂ ಅಂಚಿಗೆ ಸಮ ಆಗಿತ್ತು. ಹಾಗಿದ್ದರೆ ವರ್ಡ್ ಗಿಡ್ಡ ಸಾಲನ್ನೂ ಎಳೆದು ಹಿಗ್ಗಿಸುತ್ತದೆ. ಪದಗಳಿಗೆ ಎಡ ಅಂಚು ಸಾಕು.

ತಾಳದ ಪಟ್ಟಿಗೆ ಅಡ್ಡ ಪುಟ ಇಟ್ಟಿದ್ದೆ. ಅದಕ್ಕೆ ಮೊದಲಿದ್ದ ಸೆಕ್ಷನ್ ಬ್ರೇಕ್ (ಫೈಲಿನ ಭಾಗಗಳನ್ನು ಬೇರೆ ಮಾಡುವ ಗುರುತು) ಸುಮ್ನೆ ಕೂತಿದೆ ಅಂದುಕೊಂಡು ಅಳಿಸಿದೆ. ಮೊದಲಿನ 40 ಪುಟ ಪದಗಳೂ ಅಡ್ಡ ಮಲಗಿದವು. ಒಂದು ಸೆಕ್ಷನ್ನಿನ ಪುಟದ ಅಳತೆಯೆಲ್ಲ ಅದರ ಕೊನೆಯ ಬ್ರೇಕಿನಲ್ಲೇ ಇರುತ್ತದೆ. ಅದು ಹೋದರೆ ಹಿಂದಿನದು ಮುಂದಿನದರ ಜೊತೆ ಸೇರಿಬಿಡುತ್ತದೆ. ಕಂಟ್ರೋಲ್ ಝಡ್ ಕಾಪಾಡಿತು. ಹಳೇ ಟೈಪಿಂಗ್ ತಂತ್ರಾಂಶ ವರ್ಡ್‌ಪರ್ಫೆಕ್ಟ್‌ನಲ್ಲಿ ಆಲ್ಟ್ ಎಫ್ 3 ಒತ್ತಿದರೆ ಇಂಥ ಕಾಣದ ಕೋಡ್‌ಗಳೆಲ್ಲ ಕೆಳಗೆ ಸಾಲಾಗಿ ಕಾಣುತ್ತಿದ್ದವು. ವರ್ಡ್‌ನಲ್ಲಿ ಶಿಫ್ಟ್ ಎಫ್ 1 ಒತ್ತಿದರೆ ಪಕ್ಕದಲ್ಲಿ ವಿವರ ಬರುತ್ತದೆ, ಆದರೆ ಆ ಸುಖ ಇಲ್ಲ.

ಈ ವಾರದ ದೊಡ್ಡ ಎಡವಟ್ಟು ನನ್ನದೇ. ಪುಸ್ತಕದ ಕೊನೆಗಿರುವ ಹೆಸರುಗಳ ಸೂಚಿಯಲ್ಲಿ ‘ಸಾಬ್’ ಎರಡು ಸಲ ಬಂತು. ಕಣ್ಣಿಗೆ ಎರಡೂ ಒಂದೇ. ಕೆದಕಿದರೆ, ಒಂದರ ಕೊನೆಗೆ ಕಾಣದ ಅಕ್ಷರ: ಝೀರೋ ವಿಡ್ತ್ ನಾನ್ ಜಾಯ್ನರ್. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಕಸ ಅಂದುಕೊಂಡು ಇಡೀ ಫೈಲಿನಿಂದ ಒಂದೇ ಏಟಿಗೆ ತೆಗೆದೆ, ಸೇವ್ ಮಾಡಿದೆ, ಕಾಕಾಗೆ ಪ್ರಿಂಟ್ ಕೊಟ್ಟೆ.

ಕಾಕಾ ಕನ್ನಡಕ ಏರಿಸಿ ಕೇಳಿದರು: “ತಮ್ಮಾ, ಇದೇನು ‘ಬಂದೇ ನವಾಜ್ರ ಉರುಸು’? ನವಾಜ್ರ ಅಂದ್ರ ಯಾವೂರು?”

‘ನವಾಜ್‌ರ’ ಹೋಗಿ ‘ನವಾಜ್ರ’ ಆಗಿತ್ತು; ಬಂದೇ ನವಾಜ್ ಕಲಬುರಗಿಯ ಸೂಫಿ ಸಂತರು. ‘ಜಲಾಲ್‌ಸಾಬ್’ ಹೋಗಿ ‘ಜಲಾಲ್ಸಾಬ್’. ಜ್ ಮತ್ತು ರ ಒತ್ತಕ್ಷರ ಆಗದ ಹಾಗೆ ನಡುವೆ ನಿಂತು ತಡೆಯುತ್ತಿದ್ದದ್ದು ಅದೇ ‘ಕಸ’. ಶಬ್ದದ ಕೊನೆಗೆ ಇದ್ದರೆ ಕೆಲಸವಿಲ್ಲ, ನಡುವೆ ಇದ್ದರೆ ಬೇಕೇ ಬೇಕು.

ಹಿಂದಿನ ದಿನದ ಪ್ರತಿ ಪೆನ್ ಡ್ರೈವ್‌ನಲ್ಲಿತ್ತು, ಬಚಾವಾದೆ. ಈ ಸಲ ಆ ಅಕ್ಷರ ಆದ ಕೂಡಲೇ ಸ್ಪೇಸ್ ಬರುವ ಕಡೆ ಮಾತ್ರ ಹುಡುಕಿ ಬದಲಿಸಿದೆ. ಪೂರ್ಣವಿರಾಮ, ಅಲ್ಪವಿರಾಮಕ್ಕೆ ಮೊದಲು ಇರುವವು ಉಳಿದಿವೆ. ಅವನ್ನು ಒಂದೊಂದಾಗಿ ನೋಡಬೇಕು. ಅನುಮಾನ ಬಂದಲ್ಲಿ ಕರ್ಸರ್ ಇಟ್ಟು ಆಲ್ಟ್ ಎಕ್ಸ್ ಒತ್ತಿದರೆ ಸಂಖ್ಯೆ ಕಾಣುತ್ತದೆ.

ಸದ್ಯ 86ನೇ ಪುಟದಲ್ಲಿದ್ದೇನೆ. ಮುಂದಿನ ಪ್ರಿಂಟ್ ಕಾಕಾಗೇ ಮೊದಲು.