ಯಾಕೆ ಸೇರ್ತೀಯಾ ಅಂತ ಕೇಳಿದ ದಿನ

ಮಿಲಿಟರಿಗೆ ಸೇರಲು ತಯಾರಿ ಮಾಡುತ್ತಿದ್ದ ಕೆಲವು ಹುಡುಗ ಹುಡುಗಿಯರಿಗೆ ಒಂದು ದಿನ ಅಣಕು ಸಂದರ್ಶನ ಇತ್ತು. ಪ್ರಶ್ನೆ ಕೇಳುವ ಕೆಲಸ ನನ್ನದು. ಅವರಿಗೆ ತರಬೇತಿ ಕೊಡುತ್ತಿದ್ದವರು ಸೈನ್ಯದಲ್ಲಿ ದುಡಿದು ನಿವೃತ್ತರಾದವರು. ಎಲ್ಲರಿಗೂ ಅವರು ಬರೀ 'ಸರ್'. "ನಾನು ಕೇಳಿದ್ರೆ ನನಗೆ ಏನು ಇಷ್ಟ ಆಗುತ್ತೋ ಅದನ್ನೇ ಹೇಳ್ತಾರೆ ಮೇಡಂ. ನೀವು ಇತಿಹಾಸ ಪಾಠ ಮಾಡೋರು, ನೀವು ಕೇಳಿ. ನಾನು ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ" ಅಂದರು. ಅವರು ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲ ಪ್ರಶ್ನೆಯೇ ಇದು: ಸೈನ್ಯಕ್ಕೆ ಯಾಕೆ ಸೇರಬೇಕು ಅಂತಿದ್ದೀರಿ? ಉಳಿದ ಪ್ರಶ್ನೆಗಳಿಗೆ ಆ ದಿನ ನಾವು ಸರಿಯಾಗಿ ಹೋಗಲೇ ಇಲ್ಲ.

ಮೊದಲು ಬಂದವರೆಲ್ಲ ಹೇಳಿದ್ದು ಒಂದೇ ಉತ್ತರ. ದೇಶಸೇವೆ. ಕೆಲವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಅದನ್ನು ಬಾಯಿಪಾಠ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಬಾಯಿಪಾಠ ಮಾಡಿದ ಮಾತಿನಲ್ಲೂ ನಿಜ ಇರಬಹುದು. ಆದರೆ ಆ ಉತ್ತರ ಅವರೆಲ್ಲರನ್ನೂ ಒಂದೇ ಥರ ಮಾಡಿಬಿಡುತ್ತಿತ್ತು. ಎದುರಿಗೆ ಕೂತವರು ಯಾರು ಅನ್ನೋದೇ ತಿಳಿಯುತ್ತಿರಲಿಲ್ಲ. ಹಾಗಾಗಿ ನಾನು ಪ್ರತಿಯೊಬ್ಬರಿಗೂ ಇನ್ನೊಂದು ಮಾತು ಸೇರಿಸಿ ಕೇಳತೊಡಗಿದೆ. "ಅದು ಸರಿ. ಅದರ ಜೊತೆಗೆ ಇನ್ನೇನು?"

ಆಗ ಒಬ್ಬ ಹುಡುಗ ತಲೆ ತಗ್ಗಿಸಿ ಕೂತ. ಸ್ವಲ್ಪ ಹೊತ್ತಿನ ಮೇಲೆ "ಕೆಲಸ ಬೇಕು ಮೇಡಂ" ಅಂದ. ಮನೆಯಲ್ಲಿ ಸಾಲ ಇದೆ. ತಂಗಿ ಇನ್ನೂ ಓದುತ್ತಿದ್ದಾಳೆ. ತಿಂಗಳು ತಿಂಗಳು ತಪ್ಪದೆ ಸಂಬಳ ಬರುವ ಕೆಲಸ ಅವನಿಗೆ ಗೊತ್ತಿದ್ದದ್ದು ಇದೊಂದೇ. ದೊಡ್ಡ ಡಿಗ್ರಿ ಕೇಳುವುದಿಲ್ಲ, ಪರಿಚಯದವರ ಶಿಫಾರಸು ಬೇಡ. ಓಡಬೇಕು, ಪರೀಕ್ಷೆ ಪಾಸಾಗಬೇಕು, ಮೆಡಿಕಲ್‌ನಲ್ಲಿ ಉಳೀಬೇಕು. ಅಷ್ಟು ಹೇಳಿ, "ಹೀಗೆ ಹೇಳಿದ್ರೆ ತೆಗೆದುಹಾಕ್ತಾರಾ?" ಅಂತ ಕೇಳಿದ. ಅವನ ಮುಖದಲ್ಲಿ ಕಳ್ಳತನ ಒಪ್ಪಿಕೊಂಡವನ ಭಾವ ಇತ್ತು. ಅದು ನನ್ನ ಮನಸ್ಸಿಗೆ ಬಹಳ ತಾಗಿತು. ಮನೆಯವರನ್ನು ಸಾಕಬೇಕು ಅನ್ನೋದು ಯಾವಾಗಿನಿಂದ ನಾಚಿಕೆಯ ವಿಷಯ ಆಯಿತು?

ಪಾಠ ಮಾಡುವವಳ ಅಭ್ಯಾಸ, ನಾನು ಅವನಿಗೆ ಒಂದು ಕಥೆ ಹೇಳಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, ಅಂದರೆ 1945ಕ್ಕೆ, ಬ್ರಿಟಿಷರ ಕೈಕೆಳಗಿನ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಒಬ್ಬರನ್ನೂ ಕಾನೂನಿನ ಕಡ್ಡಾಯದಿಂದ ಎಳೆದು ತಂದಿರಲಿಲ್ಲ. ಎಲ್ಲರೂ ಹೆಸರು ಕೊಟ್ಟು ಸೇರಿದವರೇ. ಚರಿತ್ರೆಯಲ್ಲೇ ಅಷ್ಟು ದೊಡ್ಡ ಸ್ವಯಂಸೇವಕ ಸೈನ್ಯ ಇನ್ನೊಂದಿಲ್ಲ ಎನ್ನುತ್ತಾರೆ. ಅದೇ ಹೊತ್ತಿಗೆ ದೇಶದೊಳಗೆ ಸ್ವಾತಂತ್ರ್ಯ ಹೋರಾಟ ನಡೆಯುತ್ತಿತ್ತು. ತಮ್ಮನ್ನು ಆಳುತ್ತಿದ್ದವರ ಪರವಾಗಿ ಇಷ್ಟು ಜನ ಯಾಕೆ ಹೋದರು? ಸಂಬಳ, ಹೊಟ್ಟೆ ತುಂಬ ಊಟ, ಅಪ್ಪ ಅಜ್ಜಂದಿರು ದುಡಿದ ಪಲ್ಟನ್ನಿನ ಹೆಸರು, ಹೊಸ ಕಸುಬು ಕಲಿಯುವ ಆಸೆ. ಜಪಾನೀಯರು ಗಡಿಯ ಹತ್ತಿರ ಬಂದಾಗ ತಮ್ಮ ನೆಲ ಕಾಯಬೇಕು ಅನ್ನೋ ಮಾತೂ ಸೇರಿಕೊಂಡಿರಬೇಕು. ಸಂಬಳಕ್ಕೆ ಬಂದವರು ಇಂಫಾಲ್, ಕೊಹಿಮಾದಲ್ಲಿ 1944ರಲ್ಲಿ ಕಾದಾಡಿದ್ದು ಸಂಬಳಕ್ಕಾಗಿ ಮಾತ್ರ ಅಂತ ಯಾರು ಹೇಳಲು ಸಾಧ್ಯ?

ಸರ್ ಮೊದಲ ಸಲ ಬಾಯಿ ಬಿಟ್ಟರು. "ಕೆಲಸ ಬೇಕು ಅಂತ ಧೈರ್ಯವಾಗಿ ಹೇಳೋ. ಆದ್ರೆ ಕೆಲಸ ಎಷ್ಟೋ ಇದಾವೆ, ಇದೇ ಯಾಕೆ ಅಂತ ಮುಂದಿನ ಪ್ರಶ್ನೆ ಬರುತ್ತೆ. ಅದಕ್ಕೆ ರೆಡಿ ಇರು." ಹುಡುಗ ಯೋಚನೆ ಮಾಡಿದ. ಪ್ರವಾಹ ಬಂದಾಗ ಸೈನಿಕರು ಅವನ ಅಜ್ಜಿಯನ್ನು ಹೊತ್ತುಕೊಂಡು ದೋಣಿಗೆ ಹಾಕಿದ್ದನ್ನು ನಿಧಾನವಾಗಿ ಹೇಳಿದ. ಅಷ್ಟು ಹೊತ್ತು ಅದು ಅವನಿಗೆ ಉತ್ತರ ಅಂತಲೇ ಅನ್ನಿಸಿರಲಿಲ್ಲ.

ಸೈನ್ಯದವರಿಗೂ ಈ ಸಂಬಳದ ಪ್ರಶ್ನೆ ಹೊಸದಲ್ಲ. ಅಮೆರಿಕ 1973ರಲ್ಲಿ ಕಡ್ಡಾಯ ಭರ್ತಿ ನಿಲ್ಲಿಸಿತು. ಆಮೇಲೆ ಜನರನ್ನು ಕರೆತರಲು ಸಂಬಳ, ಸವಲತ್ತು, ಕಾಲೇಜು ಫೀಸಿನ ಮಾತು ಜಾಸ್ತಿ ಆಯಿತು. 1977ರಲ್ಲಿ ಚಾರ್ಲ್ಸ್ ಮಾಸ್ಕೋಸ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಕಂಡು, ಕರ್ತವ್ಯ ಎಂದು ಬರುವ ಜಾಗವಾಗಿದ್ದ ಸೈನ್ಯ ಈಗ ಉದ್ಯೋಗವಾಗಿ ಬದಲಾಗುತ್ತಿದೆ ಎಂದು ವಾದಿಸಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಆ ಹುಡುಗನ ಎದುರು ಕೂತಾಗ ಅವೆರಡನ್ನು ಬೇರೆ ಬೇರೆ ಮಾಡಿ ನೋಡಲು ನನ್ನಿಂದ ಆಗಲಿಲ್ಲ. ಒಂದೇ ಎದೆಯಲ್ಲಿ ಸಾಲವೂ ಇತ್ತು, ದೋಣಿಯೂ ಇತ್ತು.

ಆಮೇಲೆ ಬಂದವಳು ಒಬ್ಬ ಹುಡುಗಿ. ಚುರುಕು, ಮಾತು ಕಡಿಮೆ. ದೇಶಸೇವೆಯ ಮಾತು ಅವಳು ತೆಗೆಯಲೇ ಇಲ್ಲ. "ಅಲ್ಲಿ ನಾನು ಯಾರ ಮಗಳು ಅಂತ ಯಾರೂ ಕೇಳಲ್ಲ. ಎಷ್ಟು ನಿಮಿಷದಲ್ಲಿ ಓಡಿದೆ ಅಂತ ಕೇಳ್ತಾರೆ" ಅಂದಳು. ಅಪ್ಪನ ಬಗ್ಗೆ ಊರಲ್ಲಿ ಏನೋ ಮಾತಿತ್ತು ಅಂತ ಕಾಣುತ್ತದೆ. ಅವಳು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಹಿಂದಿನದನ್ನು ಬಿಟ್ಟು ಹೊಸದಾಗಿ ಶುರು ಮಾಡಲು ಸೈನ್ಯಕ್ಕೆ ಹೋಗುವವರು ಎಲ್ಲ ಕಾಲದಲ್ಲೂ ಇದ್ದಾರೆ. 1831ರಲ್ಲಿ ಹುಟ್ಟಿದ ಫ್ರಾನ್ಸಿನ ವಿದೇಶಿ ದಳಕ್ಕೆ ಬೇರೆ ಬೇರೆ ದೇಶದವರು ಬಂದು ಸೇರುತ್ತಾರೆ. ಹೊಸ ಹೆಸರಿನಲ್ಲಿ ಸೇವೆ ಶುರು ಮಾಡಲು ಅಲ್ಲಿ ಅವಕಾಶ ಇದೆ. ಈ ಹುಡುಗಿಗೆ ಹೆಸರು ಬದಲಿಸುವ ಆಸೆ ಇರಲಿಲ್ಲ. ಅದೇ ಹೆಸರನ್ನು ಜನ ಬೇರೆ ಥರ ಹೇಳಬೇಕು ಅನ್ನೋ ಹಟ ಇತ್ತು. ಇಂಥ ಹಟವನ್ನು ಸ್ವಾರ್ಥ ಅಂತ ಕರೆಯುವವರನ್ನು ನಾನು ಒಪ್ಪುವುದಿಲ್ಲ.

ಮಧ್ಯಾಹ್ನ ಇಬ್ಬರು ಗೆಳೆಯರು ಒಟ್ಟಿಗೇ ಒಳಗೆ ಬಂದರು. ಒಬ್ಬೊಬ್ಬರೇ ಬನ್ನಿ ಅಂದರೂ ಬಾಗಿಲಲ್ಲೇ ನಿಂತರು. "ಇವನು ಹೋಗ್ತಾನೆ ಅಂತ ನಾನೂ" ಅಂತ ಒಬ್ಬ ಹೇಳಿದರೆ, ಇನ್ನೊಬ್ಬನೂ ಅದನ್ನೇ ಹೇಳಿದ. ಪಕ್ಕದಲ್ಲಿ ಕೂತಿದ್ದವರೆಲ್ಲ ನಕ್ಕರು. ನನಗೆ ಮಾತ್ರ 1914ರ ಬ್ರಿಟನ್ ನೆನಪಾಗಿ ಎದೆ ಭಾರವಾಯಿತು. ಅಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಗೆಳೆಯರು ಒಟ್ಟಿಗೆ ಸೇರಿದರೆ ಒಂದೇ ದಳದಲ್ಲಿ ಇರಿಸುತ್ತೇವೆ ಎಂದು ಮಾತು ಕೊಟ್ಟಿದ್ದರು. ಒಂದೇ ಬೀದಿಯವರು, ಒಂದೇ ಕಾರ್ಖಾನೆಯವರು, ಒಂದೇ ಫುಟ್‌ಬಾಲ್ ತಂಡದವರು ಸಾಲುಗಟ್ಟಿ ಹೆಸರು ಬರೆಸಿದರು. ಪ್ಯಾಲ್ಸ್ ಬೆಟಾಲಿಯನ್, ಅಂದರೆ ಗೆಳೆಯರ ದಳ ಅಂತಲೇ ಅವುಗಳಿಗೆ ಹೆಸರು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ಕದನದ ಮೊದಲ ದಿನ ಆಕ್ರಿಂಗ್ಟನ್ ಪಟ್ಟಣದ ದಳದಿಂದ ದಾಳಿಗೆ ಇಳಿದವರು ಸುಮಾರು 700 ಜನ. ಅವರಲ್ಲಿ 500ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಒಟ್ಟಿಗೆ ಹೋದವರು ಒಟ್ಟಿಗೇ ಬಿದ್ದರು. ಒಂದು ಪಟ್ಟಣದ ಎಷ್ಟೋ ಮನೆಗಳಿಗೆ ಒಂದರ ಹಿಂದೊಂದು ಸುದ್ದಿ ಬಂತು.

ಅದನ್ನು ಆ ಇಬ್ಬರಿಗೆ ಹೇಳಬೇಕೋ ಬೇಡವೋ ಅಂತ ಒಂದು ಕ್ಷಣ ತಡೆದೆ. ಆಮೇಲೆ ಹೇಳಿಯೇಬಿಟ್ಟೆ. ಇಷ್ಟು ದೊಡ್ಡ ನಿರ್ಧಾರಕ್ಕೆ ಹೊರಟವರಿಂದ ಏನನ್ನಾದರೂ ಮುಚ್ಚಿಡುವುದು ಅವರಿಗೆ ಮಾಡುವ ಅವಮಾನ. ನಗುತ್ತಿದ್ದವರು ಸುಮ್ಮನಾದರು. ಇಬ್ಬರಲ್ಲಿ ಎತ್ತರದವನು "ಅವರು ಸೇರೋವಾಗ ಯಾರಾದ್ರೂ ಹೇಳಿದ್ರಾ ಮೇಡಂ, ಹೀಗೂ ಆಗಬಹುದು ಅಂತ?" ಎಂದು ಕೇಳಿದ. ಪೋಸ್ಟರಿನಲ್ಲಿ ಅದು ಇರಲಿಲ್ಲ ಅಂದೆ. ಇವತ್ತಿನ ಜಾಹೀರಾತುಗಳಲ್ಲೂ ಇರುವುದಿಲ್ಲ. ಹಿಮದ ಬೆಟ್ಟ, ಹೆಲಿಕಾಪ್ಟರ್, ಇಸ್ತ್ರಿ ಮಾಡಿದ ಯೂನಿಫಾರ್ಮ್, ನಗುಮುಖ ಇರುತ್ತವೆ. ಹದಿನೆಂಟರ ಪ್ರಾಯದವರನ್ನು ಕರೆಯುವಾಗ ಪೂರ್ತಿ ಚಿತ್ರ ತೋರಿಸುವುದು ಕರೆಯುವವರ ಹೊಣೆ. ಇದನ್ನು ನಾನು ಯಾವ ದೇಶದ ಸರ್ಕಾರದ ಎದುರಿಗೂ ಹೇಳುತ್ತೇನೆ.

ಸೈನಿಕನ ಮಗ ಒಬ್ಬ ಇದ್ದ. ಅಪ್ಪನಿಗೆ ಮಗ ಹೋಗುವುದು ಇಷ್ಟವಿಲ್ಲ. "ಅಪ್ಪ ಮನೇಲಿ ಏನೂ ಮಾತಾಡಲ್ಲ. ರಾತ್ರಿ ಎದ್ದು ಕೂತಿರ್ತಾರೆ. ಅವರು ಅಲ್ಲಿ ಏನು ನೋಡಿದ್ರು ಅಂತ ನನಗೆ ತಿಳ್ಕೋಬೇಕು" ಅಂದ. ಮನೆತನದ ಕಸುಬು ಅಂತ ಮಕ್ಕಳು ಸೈನ್ಯಕ್ಕೆ ಹೋಗುವುದು ನಾವೆಲ್ಲ ಕೇಳಿದ ವಿಷಯ. ಆ ಹೆಮ್ಮೆಯ ಒಳಗೆ ಇಂಥ ಹುಡುಕಾಟವೂ ಇರುತ್ತದೆ ಅಂತ ನಾನು ಯೋಚಿಸಿರಲಿಲ್ಲ. ಅಪ್ಪನನ್ನು ತಿಳಿಯಲು ಅಪ್ಪನ ಬೂಟಿನಲ್ಲಿ ಕಾಲಿಡಲು ಹೊರಟ ಮಗ. ಇದನ್ನು ಸಂದರ್ಶನದಲ್ಲಿ ಹೇಳು ಅನ್ನಲು ನನಗೆ ಬಾಯಿ ಬರಲಿಲ್ಲ. ಸರ್ ಎದ್ದು ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟು, "ಮೊದಲು ನಿಮ್ಮ ಅಪ್ಪನ್ನ ನಾನು ಒಂದ್ಸಲ ಮಾತಾಡಿಸ್ಲಾ?" ಅಂತ ಮೆಲ್ಲಗೆ ಕೇಳಿದರು.

ಎಲ್ಲ ಕಾರಣಗಳನ್ನೂ ಬಾಯಿಬಿಟ್ಟು ಹೇಳಲೇಬೇಕು ಅಂತಲೂ ಇಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಯಾಟ್ ಟಿಲ್‌ಮನ್ ದೊಡ್ಡ ಮೊತ್ತದ ಒಪ್ಪಂದ ಬಿಟ್ಟು 2002ರಲ್ಲಿ ತಮ್ಮನ ಜೊತೆ ಸೈನ್ಯಕ್ಕೆ ಸೇರಿದ. ಯಾಕೆ ಅಂತ ಕೇಳಲು ಬಂದ ಪತ್ರಕರ್ತರಿಗೆ ಸಂದರ್ಶನ ಕೊಡಲಿಲ್ಲ. 2004ರಲ್ಲಿ ಅಫ್ಘಾನಿಸ್ತಾನದಲ್ಲಿ ತನ್ನ ಕಡೆಯವರದೇ ಗುಂಡಿಗೆ ಸತ್ತ. ಶತ್ರುಗಳ ಗುಂಡಿಗೆ ಬಲಿಯಾದ ಅಂತ ಮೊದಲು ಹೇಳಿದ್ದರು. ನಿಜ ಏನು ಅನ್ನೋದು ಮನೆಯವರಿಗೆ ತಿಳಿದದ್ದು ವಾರಗಳ ಮೇಲೆ. ಅವನ ಕಾರಣಗಳಿಗೆ ಬೇರೆಯವರು ಬೇಕಾದಷ್ಟು ಬಣ್ಣ ಹಚ್ಚಿದರು.

ಎಲ್ಲರೂ ಹೊರಗೆ ಹೋದ ಮೇಲೆ ನಾನು ಸರ್ ಅವರನ್ನೇ ಕೇಳಿದೆ, ನೀವು ಯಾಕೆ ಸೇರಿದ್ರಿ? ಗೆಳೆಯನೊಬ್ಬ ಭರ್ತಿಗೆ ಹೊರಟಿದ್ದ, ಅವನ ಜೊತೆಗೆ ಇವರೂ ಹೋಗಿದ್ದರು. ಗೆಳೆಯನ ಪಾದ ಚಪ್ಪಟೆ ಅಂತ ಮೆಡಿಕಲ್‌ನಲ್ಲಿ ಬಿಟ್ಟರು, ಇವರನ್ನು ತೆಗೆದುಕೊಂಡರು. "ಸೇರಿದ್ದು ಹಾಗೆ. ಉಳಿದಿದ್ದು ಹಾಗಲ್ಲ. ಮೊದಲ ಸಲ ಗುಂಡಿನ ಸದ್ದು ಹತ್ತಿರದಲ್ಲಿ ಕೇಳಿದಾಗ ದೇಶ ನೆನಪಾಗಲಿಲ್ಲ ಮೇಡಂ. ಎಡಗಡೆ ಇದ್ದವನು ಸರಿಯಾಗಿದ್ದಾನಾ ಅಂತ ನೋಡಿದೆ." ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವರ ತಂಡ ಅಮೆರಿಕದ ಸೈನಿಕರನ್ನು ಇದೇ ವಿಷಯ ಕೇಳಿತ್ತು. ಕಾದಾಟದಲ್ಲಿ ನಿಮ್ಮನ್ನು ಮುಂದೆ ಸಾಗಿಸಿದ್ದು ಏನು? ಬೇಗ ಕೆಲಸ ಮುಗಿಸಿ ಮನೆಗೆ ಹೋಗಬೇಕು ಎಂದವರೇ ಜಾಸ್ತಿ. ಜೊತೆಯವರನ್ನು ಕೈಬಿಡಬಾರದು ಎಂದವರೂ ಬಹಳ. ದೊಡ್ಡ ಆದರ್ಶಗಳ ಹೆಸರು ಹೇಳಿದವರು ತೀರಾ ಕಮ್ಮಿ. ಇದರಿಂದ ದೇಶಪ್ರೇಮ ಸುಳ್ಳು ಅಂತ ಆಗುವುದಿಲ್ಲ. ಅಂಥ ಗಳಿಗೆಯಲ್ಲಿ ದೇಶ ಅಂದರೆ ಪಕ್ಕದಲ್ಲಿ ನಿಂತವನೇ, ಅಲ್ವಾ?

ಒಬ್ಬ ಹುಡುಗನ ವಿಷಯ ಹೇಳುವುದು ಉಳಿದಿದೆ. ಸಾಯುವ ಬಗ್ಗೆ ಯೋಚಿಸಿದ್ದೀಯಾ ಅಂತ ನಾನು ಹಲವರನ್ನು ಕೇಳಿದ್ದೆ. ಎಲ್ಲರ ಬಳಿಯೂ ಉತ್ತರ ಸಿದ್ಧ ಇತ್ತು, ಎದೆಯುಬ್ಬಿಸಿ ಹೇಳಿದರು. ಇವನನ್ನು ಮಾತ್ರ ಸರ್ ಬೇರೆ ಥರ ಕೇಳಿದರು. "ಸಾಯೋದು ಇರಲಿ. ಕೊಲ್ಲಬೇಕಾಗಿ ಬಂದ್ರೆ?" ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ "ಗೊತ್ತಿಲ್ಲ ಸರ್" ಅಂದ. ಓಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಅವನೇ. ಆ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಅವನ ಮುಂದೆ ಇಟ್ಟಿರಲಿಲ್ಲ. ಮನೆಯವರು ಪೆನ್ಶನ್ ಬಗ್ಗೆ ಮಾತಾಡಿದ್ದರು, ಗೆಳೆಯರು ಯೂನಿಫಾರ್ಮ್ ಬಗ್ಗೆ. ಆಯುಧ ಹಿಡಿಯುವ ಕೆಲಸಕ್ಕೆ ಹೋಗುವವರನ್ನು ನಾವು ಬರೀ ಪ್ರಾಣ ಕೊಡುವವರು ಅಂತ ಹೊಗಳುತ್ತೇವೆ. ಪ್ರಾಣ ತೆಗೆಯುವ ಭಾರವನ್ನೂ ಅವರ ತಲೆಯ ಮೇಲೆ ಹೊರಿಸುತ್ತೇವೆ ಅನ್ನೋದನ್ನು ಹೇಳುವುದಿಲ್ಲ. ಆ ಭಾರ ಹೊತ್ತು ಬಂದವರೇ ಆಮೇಲೆ ರಾತ್ರಿ ಎದ್ದು ಕೂರುತ್ತಾರೆ.

ಮುಂದೆ ಆದದ್ದು ಇಷ್ಟು. ಸಾಲದ ಮನೆಯ ಹುಡುಗ ಆಯ್ಕೆಯಾದ. ಓಟದ ಹುಡುಗಿಯೂ ಆದಳು, ತರಬೇತಿಯಿಂದ ಒಮ್ಮೆ ಫೋನ್ ಮಾಡಿ ತನ್ನ ಗುಂಪಿನವರ ಬಗ್ಗೆಯೇ ಮಾತಾಡಿದಳು, ತನ್ನ ಬಗ್ಗೆ ಕಮ್ಮಿ. ಗೆಳೆಯರಲ್ಲಿ ಒಬ್ಬನಿಗೆ ಮಾತ್ರ ಸಿಕ್ಕಿತು. ಸೈನಿಕನ ಮಗ ಇನ್ನೂ ಅರ್ಜಿ ಹಾಕಿಲ್ಲ, ಅವನ ಅಪ್ಪ ಈಗ ಆಗಾಗ ಸರ್ ಜೊತೆ ವಾಕಿಂಗ್ ಹೋಗುತ್ತಾರಂತೆ. ಗೊತ್ತಿಲ್ಲ ಅಂದ ಹುಡುಗ ಒಂದು ವಾರ ಬಿಟ್ಟು ಬಂದು, ನಾನು ಹೋಗಲ್ಲ ಅಂತ ಹೇಳಿದ. ಮನೆಯವರು ಬೈದರು. ಸರ್ ಬೈಯಲಿಲ್ಲ. ಆಂಬ್ಯುಲೆನ್ಸ್ ಸೇವೆಯ ಕೋರ್ಸಿಗೆ ಅರ್ಜಿ ತರಿಸಿ, ಕೂತು ಅವನ ಜೊತೆ ತುಂಬಿಸಿದರು. ಹಿಂದಿನ ತರಬೇತಿಯ ವಿವರ ಬರೆಯುವ ಜಾಗದಲ್ಲಿ ಓಟದ ಸಮಯವನ್ನು ಅವರೇ ಹೇಳಿ ಬರೆಸಿದರು.