“ಹಾಲು ಅದಾವೇನವ್ವಾ ಕೂಸಿಗೆ?”

ನಮ್ಮ ಕಡೆ ಬಾಣಂತಿಯನ್ನು ನೋಡಲು ಬಂದವರು ಅಂಗಳದಲ್ಲಿ ಕಾಲು ತೊಳೆದು ಒಳಗೆ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ “ಹಾಲು ಅದಾವೇನವ್ವಾ ಕೂಸಿಗೆ?” ಎಂಬುದು. ಕೇಳುವವರ ಮನಸ್ಸಿನಲ್ಲಿ ಕಾಳಜಿಯೇ ಇರುತ್ತದೆ, ಅನುಮಾನವಿಲ್ಲ. ಆದರೆ ಹೆರಿಗೆಯಾಗಿ ಇನ್ನೂ ಮೂರು ದಿನ ತುಂಬದ, ಹೊಲಿಗೆಯ ನೋವಿನಿಂದ ಮಗ್ಗುಲು ಬದಲಿಸಲೂ ಆಗದ ಹೆಣ್ಣುಮಗಳು ಇದಕ್ಕೆ ಏನು ಉತ್ತರ ಹೇಳಬೇಕು? ಎದೆಯಲ್ಲಿ ಎಷ್ಟು ಹಾಲಿದೆ ಎಂಬುದು ಆಕೆಗೂ ಕಾಣುವುದಿಲ್ಲ, ಕೇಳಿದವರಿಗೂ ಕಾಣುವುದಿಲ್ಲ. ಎಲ್ಲರ ಕಣ್ಣಿಗೆ ಬೀಳುವುದು ಅಳುತ್ತಿರುವ ಕೂಸು. “ಸಾಲವಲ್ಲವು ಅನಸ್ತೈತ್ರಿ ಅತ್ತಿ” ಎಂಬ ಒಂದು ಮಾತು ಆಕೆಯ ಬಾಯಿಂದ ಬಂದರೆ ಸಾಕು, ಸಂಜೆಯೊಳಗೆ ಪುಡಿ ಹಾಲಿನ ಡಬ್ಬಿ ಮನೆಗೆ ಬಂದಿರುತ್ತದೆ.

ನಾನು ಧಾರವಾಡದಲ್ಲಿ ಪಾಠ ಹೇಳುವವಳು, ವೈದ್ಯಳಲ್ಲ. ನನ್ನ ತವರು ಗದಗ ಜಿಲ್ಲೆಯ ಒಂದು ಹಳ್ಳಿ, ಎರಡು ಬಾಣಂತನಗಳೂ ಅಲ್ಲಿಯೇ ಆದವು. ಅನಂತರದ ವರ್ಷಗಳಲ್ಲಿ ನಾದಿನಿಯರು, ಸಹೋದ್ಯೋಗಿಗಳು, ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಕಷ್ಟವನ್ನು ಹೇಳಿಕೊಂಡಾಗಲೆಲ್ಲ ನನಗೆ ಒಂದೇ ಸಂಗತಿ ಮತ್ತೆ ಮತ್ತೆ ಕಂಡಿದೆ. ನಮ್ಮ ಬಾಣಂತನದಲ್ಲಿ ಎಣ್ಣೆ ನೀರು ಹಾಕುವವರಿದ್ದಾರೆ, ಅಗ್ಗಿಷ್ಟಿಕೆಗೆ ಕೆಂಡ ತುಂಬುವವರಿದ್ದಾರೆ, ಅಂಟಿನ ಉಂಡಿ ಕಟ್ಟುವವರಿದ್ದಾರೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವವರಿದ್ದಾರೆ. ತಾಯಿ ಹಾಲು ಕುಡಿಸುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು, ಕೂಸು ಎದೆಯನ್ನು ಹೇಗೆ ಹಿಡಿದಿದೆ ಎಂದು ಬಗ್ಗಿ ನೋಡುವವರು ಮಾತ್ರ ಇಲ್ಲ. ಮರ್ಯಾದೆಯ ದೃಷ್ಟಿಯಿಂದ ಆ ಹೊತ್ತಿಗೆ ಎಲ್ಲರೂ ಹೊರಗೆ ಹೋಗುತ್ತಾರೆ. ಹೋಗುವಾಗ ಬಾಗಿಲನ್ನೂ ಮುಂದೆ ಮಾಡಿಕೊಳ್ಳುತ್ತಾರೆ.

ಹಿಂದೆ ಹೀಗಿರಲಿಲ್ಲವೇನೋ. ತುಂಬಿದ ಮನೆಯಲ್ಲಿ ಬೆಳೆದ ಹುಡುಗಿ ಅಕ್ಕಂದಿರೂ ವೈನಿಯರೂ ಮಕ್ಕಳಿಗೆ ಹಾಲೂಡಿಸುವುದನ್ನು ದಿನವೂ ನೋಡಿಯೇ ದೊಡ್ಡವಳಾಗುತ್ತಿದ್ದಳು, ಯಾರೂ ಕಲಿಸದೆಯೇ ಕಲಿಯುತ್ತಿದ್ದಳು. ಇಂದು ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಗೋಕುಲ ರಸ್ತೆಯ ಅಪಾರ್ಟ್‌ಮೆಂಟಿನಲ್ಲೋ ಒಬ್ಬಳೇ ಮಗಳಾಗಿ ಬೆಳೆದವಳು ಹಾಲು ಕುಡಿಯುವ ಕೂಸನ್ನು ಹತ್ತಿರದಿಂದ ನೋಡುವುದು ತನ್ನ ಮಡಿಲಲ್ಲಿಯೇ ಮೊದಲು.

ನನಗೆ ನೆರವಾದವರು ನಮ್ಮ ಓಣಿಯಲ್ಲಿದ್ದ ನಿವೃತ್ತ ನರ್ಸಬಾಯಿಯವರು. ಮೊದಲ ಮಗುವಿನ ಸಮಯದಲ್ಲಿ ತೊಟ್ಟುಗಳು ಒಡೆದು ರಕ್ತ ಕಾಣಿಸಿಕೊಂಡಿತ್ತು, ಕೂಸು ಬಾಯಿ ಹಾಕಿದರೆ ಜೀವ ಹೋದಂತಾಗುತ್ತಿತ್ತು. ಹಾಲು ಕುಡಿಸುವುದೆಂದರೆ ಹೀಗೆಯೇ, ತಡೆದುಕೋ ಎಂದು ಎಲ್ಲರೂ ಹೇಳಿದ್ದರು. ನರ್ಸಬಾಯಿಯವರು ಬಂದವರೇ ಔಷಧದ ಮಾತೆತ್ತದೆ ನನ್ನ ಬೆನ್ನಿನ ಹಿಂದೆ ಎರಡು ದಿಂಬಿಟ್ಟು, “ನೀ ಬಗ್ಗಬ್ಯಾಡವಾ, ಕೂಸನ್ನ ನಿನ್ನ ಕಡೆ ತಾ. ಬಾಯಿ ಪೂರ್ತಿ ತೆರೀಲಿ, ಆಮ್ಯಾಲೆ ಹಿಡಸು” ಎಂದರು. ಮಗುವಿನ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿದ್ದು, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ಗದ್ದ ಎದೆಗೆ ಒತ್ತಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಜೊತೆಗೆ ಅದರ ಸುತ್ತಲಿನ ಕಪ್ಪು ಭಾಗದಲ್ಲಿಯೂ ಬಹುಪಾಲು ಬಾಯೊಳಗೆ ಹೋಗಿರಬೇಕು. ತೊಟ್ಟನ್ನಷ್ಟೇ ಚೀಪಿದರೆ ತಾಯಿಗೆ ಗಾಯವಾಗುತ್ತದೆ, ಕೂಸಿಗೆ ಹಾಲೂ ಸರಿಯಾಗಿ ಬರುವುದಿಲ್ಲ, ಹಸಿವು ತೀರದೆ ಅದು ಅಳುತ್ತದೆ, ಆ ಅಳು ಕೇಳಿ ಮನೆಯವರು ಹಾಲಿಲ್ಲವೆಂದು ತೀರ್ಮಾನಿಸುತ್ತಾರೆ. ನಾನು ಕೇಳಿದ “ಹಾಲು ಸಾಲದ” ಕಥೆಗಳಲ್ಲಿ ಹೆಚ್ಚಿನವು ಶುರುವಾಗಿದ್ದೇ ಇಲ್ಲಿ.

ಹಾಲು ಹುಟ್ಟುವ ಬಗೆಯನ್ನು ಹೆರಿಗೆಗೆ ಮುಂಚೆಯೇ ಯಾರಾದರೂ ಬಿಡಿಸಿ ಹೇಳಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಕೂಸು ಚೀಪಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಎಂಬುದು ಆ ಹಾಲನ್ನು ಹೊರಕ್ಕೆ ಇಳಿಸುತ್ತದೆ. ಎದೆ ಎಷ್ಟು ಸಲ ಬರಿದಾಗುತ್ತದೆಯೋ ಅಷ್ಟು ಮತ್ತೆ ತುಂಬುತ್ತದೆ. ಬರಿದಾಗದಿದ್ದರೆ ದೇಹ ಉತ್ಪಾದನೆಯನ್ನು ತಾನಾಗಿಯೇ ತಗ್ಗಿಸುತ್ತದೆ. ಆದ್ದರಿಂದ ಹಾಲು ಸಾಲದೆಂದು ಬಾಟಲಿ ಹಿಡಿಸಿದ ಮನೆಯಲ್ಲಿ, ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆಗೆ ಬರುವುದು ಕಡಿಮೆಯಾಗಿ, ಒಂದೆರಡು ವಾರಗಳಲ್ಲಿ ಹಾಲು ನಿಜವಾಗಿಯೂ ಸಾಲದಾಗುತ್ತದೆ. ರಾತ್ರಿಯ ಹೊತ್ತು ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ, ಹಾಗಾಗಿ “ರಾತ್ರಿ ಒಂದು ಬಾಟ್ಲಿ ಕೊಟ್ಟು ಮಲಗಸು, ನೀನೂ ಮಲ್ಕೋ” ಎಂಬ ಪ್ರೀತಿಯ ಸಲಹೆ ಆ ಸಮಯಕ್ಕೆ ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸುತ್ತದೆ. ನೋವು, ಭಯ, ಅವಮಾನಗಳಿಂದ ಆಕ್ಸಿಟೋಸಿನ್‌ಗೆ ತಡೆಯಾಗುತ್ತದೆ ಎಂಬುದನ್ನು ತಿಳಿದ ಮೇಲೆ, ಬಾಣಂತಿಯ ಎದುರಿಗೇ “ಈಕಿ ಎದ್ಯಾಗ ಏನೂ ಇಲ್ಲ” ಎಂದು ಆಡಿಕೊಳ್ಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಸಾಲುತ್ತದೆಯೋ ಇಲ್ಲವೋ ಎಂಬುದಕ್ಕೆ ಅಳುವಿಗಿಂತ ನಂಬಬಹುದಾದ ಗುರುತುಗಳಿವೆ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ತೂಕ ಏರುತ್ತಿದ್ದರೆ, ಚಿಂತೆಗೆ ಕಾರಣವಿಲ್ಲ. ಹುಟ್ಟಿದ ಮೊದಲ ಕೆಲವು ದಿನ ಕೂಸಿನ ತೂಕ ತುಸು ಇಳಿದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುವುದು ಸಹಜ. ಮರಳದಿದ್ದರೆ, ಕೂಸು ಮಂಕಾಗಿ ಮಲಗಿಯೇ ಇದ್ದರೆ, ತಾಯಿಯ ಎದೆ ಕೆಂಪಾಗಿ ಗಟ್ಟಿಕಟ್ಟಿ ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು. ಎದೆ ಬಾತಿದೆಯೆಂದು ಹಾಲೂಡಿಸುವುದನ್ನು ನಿಲ್ಲಿಸುವವರಿದ್ದಾರೆ, ಹಾಗೆ ನಿಲ್ಲಿಸಿದರೆ ಬಾವು ಹೆಚ್ಚುತ್ತದೆ.

ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲಿನ ವಿಷಯದಲ್ಲಂತೂ ನಮ್ಮವರ ನಡವಳಿಕೆ ವಿಚಿತ್ರ. ಓಣಿಯಲ್ಲಿ ಯಾರದಾದರೂ ಎಮ್ಮೆ ಈದರೆ ಗಿಣ್ಣದ ಹಾಲಿಗಾಗಿ ತಂಬಿಗೆ ಹಿಡಿದು ಹೋಗುವ ನಾವು, ಮನೆಯ ಸೊಸೆಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತೇವೆ. ಅದು ಬರುವುದು ಕೆಲವೇ ಚಮಚೆಯಷ್ಟು, ಹುಟ್ಟಿದ ಕೂಸಿನ ಹೊಟ್ಟೆ ಹಿಡಿಸುವುದೂ ಅಷ್ಟೇ. ರೋಗ ತಡೆಯುವ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ. ಅದರ ಬದಲಿಗೆ ನೆಕ್ಕಿಸುವ ಜೇನುತುಪ್ಪ ವರ್ಷದೊಳಗಿನ ಮಕ್ಕಳಿಗೆ ಅಪಾಯಕಾರಿ. ನೀರಿನ ಮಾತೂ ಹೀಗೆಯೇ. ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ಮನೆಯಲ್ಲಿಯೇ, ಬೇಸಿಗೆಯೆಂದು ಕೂಸಿಗೆ ಚಮಚೆಯಲ್ಲಿ ನೀರು ಹಾಕುತ್ತಾರೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುವುದರಿಂದ ಗದಗಿನ ಏಪ್ರಿಲ್ ಬಿಸಿಲಿನಲ್ಲಿಯೂ ಆರು ತಿಂಗಳವರೆಗೆ ಕೂಸಿಗೆ ಬೇರೆ ನೀರು ಬೇಡ; ಬಾಯಾರಿದಷ್ಟು ನೀರು ಕುಡಿಯಬೇಕಾದವಳು ತಾಯಿ. ಅಳವಿ ಪಾಯಸ, ಸಬ್ಬಸಿಗಿ ಪಲ್ಯ, ಬಳ್ಳೊಳ್ಳಿ ಒಗ್ಗರಣೆಗಳ ಬಗ್ಗೆ ನನ್ನ ತಕರಾರಿಲ್ಲ, ಅವು ರುಚಿಯೂ ಹೌದು, ಶಕ್ತಿಯೂ ಹೌದು. ಅವನ್ನು ಎಷ್ಟು ತಿಂದರೂ ಕೂಸು ಎದೆಯನ್ನು ಸರಿಯಾಗಿ ಹಿಡಿಯದೆ ಹಾಲು ಹೆಚ್ಚುವುದಿಲ್ಲ, ಅಷ್ಟೇ.

ಎರಡನೆಯ ಮಗು ಸಿಸೇರಿಯನ್ ಆಗಿ ಹುಟ್ಟಿತು. ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ತಾಯಿ ಎಚ್ಚರವಾಗಿಯೇ ಇರುವುದರಿಂದ, ಯಾರಾದರೂ ಕೂಸನ್ನು ಹಿಡಿದುಕೊಂಡು ನಿಂತರೆ ಮೊದಲ ಗಂಟೆಯಲ್ಲಿಯೇ ಎದೆಗೆ ಹಚ್ಚಬಹುದು. ನಾನಿದ್ದ ಆಸ್ಪತ್ರೆಯಲ್ಲಿ ಹಾಗೆ ಹಿಡಿದುಕೊಳ್ಳುವ ಕೈ ಬಿಡುವಾಗಿರಲಿಲ್ಲ, ಪುಡಿ ಹಾಲಿನ ಡಬ್ಬಿಯ ಹೆಸರು ಬರೆದ ಚೀಟಿ ಮಾತ್ರ ಹೆರಿಗೆಯ ದಿನವೇ ನಮ್ಮವರ ಕೈಗೆ ಬಂದಿತ್ತು. ಶಿಶು ಆಹಾರದ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಮ್ಮ ದೇಶದ 1992ರ ಕಾನೂನು ನಿಷೇಧಿಸಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿದೆ. ಆದರೆ ಹೀಗೆ ಚೀಟಿಯಲ್ಲಿಯೇ ಹೆಸರು ಬಂದರೆ ಜಾಹೀರಾತಿನ ಅಗತ್ಯವಿಲ್ಲ. ತಾಯಿಗೆ ತೀವ್ರ ಕಾಯಿಲೆಯಿದ್ದಾಗ, ಕೂಸಿನ ರಕ್ತದಲ್ಲಿ ಸಕ್ಕರೆ ಇಳಿದಾಗ ಡಬ್ಬಿಯ ಹಾಲು ಜೀವ ಉಳಿಸುತ್ತದೆ. ಅಂಥ ಸಂದರ್ಭದಲ್ಲಿ ಅದನ್ನು ಒಳಲೆಯಿಂದಲೋ ಚಮಚೆಯಿಂದಲೋ ಕುಡಿಸಿ, ಎದೆಯ ಹಾಲನ್ನು ಕೈಯಿಂದ ಹಿಂಡಿ ತೆಗೆಯುತ್ತಿದ್ದರೆ ಮತ್ತೆ ಎದೆಗೆ ಮರಳುವ ದಾರಿ ತೆರೆದಿರುತ್ತದೆ. ಇಷ್ಟನ್ನು ಹೇಳುವವರು ಒಬ್ಬರು ವಾರ್ಡಿನಲ್ಲಿ ಬೇಕು.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ, ತಾಯಿಯ ಹಾಲು ಅಮೃತ ಎಂಬ ಭಿತ್ತಿಪತ್ರಗಳು ಗೋಡೆಗಳ ಮೇಲೆ ಬರುತ್ತವೆ. ಮೊದಲ ಗಂಟೆಯೊಳಗೆ ಆರಂಭ, ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಿಯಾದುದೇ. ಆದರೆ ಒಡೆದ ತೊಟ್ಟಿನ ಉರಿಯಲ್ಲಿ ಕಣ್ಣೀರು ಹಾಕುತ್ತಿರುವವಳಿಗೆ ಅಮೃತದ ಮಾತು ಇನ್ನಷ್ಟು ಭಾರವಾಗುತ್ತದೆ, ಅವಳಿಗೆ ಅದರ ಮಹಿಮೆಯಲ್ಲಿ ಸಂಶಯವೇನೂ ಇರುವುದಿಲ್ಲ. ಎಲ್ಲ ಪ್ರಯತ್ನದ ನಂತರವೂ ಆಗದೇ ಹೋದವರನ್ನು ನಾನು ಬಲ್ಲೆ. ಅವರ ಮಕ್ಕಳು ಚೆನ್ನಾಗಿಯೇ ಬೆಳೆದಿದ್ದಾರೆ, ಆ ತಾಯಂದಿರು ಮಾತ್ರ ಇಂದಿಗೂ ಅದರ ಪ್ರಸ್ತಾಪ ಬಂದರೆ ಮಾತು ಬದಲಿಸುತ್ತಾರೆ.

ಪಕ್ಕದಲ್ಲಿ ಕೂಡುವವರನ್ನು ಎಲ್ಲಿಂದ ತರುವುದು? ಹಳ್ಳಿಗಳಲ್ಲಿ ಅದಕ್ಕೆ ಒಂದು ಉತ್ತರ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಟ್ಟು ಕೂಸಿನ ತೂಕ ನೋಡಿ, ಹಾಲೂಡಿಸುವುದನ್ನೂ ಗಮನಿಸಬೇಕೆಂಬ ನಿಯಮವಿದೆ. ನಮ್ಮ ಪದ್ಧತಿಯಲ್ಲಿ ಒಂದು ತೊಡಕು ಬರುತ್ತದೆ: ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ, ಹೆರಿಗೆ ಹುಬ್ಬಳ್ಳಿಯಲ್ಲಿ, ಬಾಣಂತನ ತವರಿನಲ್ಲಿ. ತವರಿನ ಆಶಾಗೆ ಈ ಬಾಣಂತಿ ಬಂದಿರುವುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಏಳನೆಯ ತಿಂಗಳ ಕುಬಸ ಮುಗಿಸಿ ತವರಿಗೆ ಬಂದ ಕೂಡಲೇ ಕಾರ್ಡನ್ನು ಅಂಗನವಾಡಿಯಲ್ಲಿ ತೋರಿಸಿ ಅಲ್ಲಿಯ ಕಾರ್ಯಕರ್ತೆಗೂ ಆಶಾಗೂ ತಿಳಿಸಿಡುವುದು ಒಳ್ಳೆಯದು. ಪಟ್ಟಣದಲ್ಲಿ ಆ ಉತ್ತರವೂ ಸುಲಭವಾಗಿ ಸಿಗುವುದಿಲ್ಲ. ಹಾಲೂಡಿಸಿ ಅನುಭವವಿರುವ ಗೆಳತಿಯನ್ನೋ ಪರಿಚಯದ ನರ್ಸ್ ಒಬ್ಬರನ್ನೋ ಮೊದಲೇ ಕೇಳಿಟ್ಟುಕೊಳ್ಳಬೇಕಾಗುತ್ತದೆ. ಗಂಡಸರ ಪಾತ್ರವೂ ಇದೆ: ರಾತ್ರಿ ಎದ್ದು ಕೂಸನ್ನು ಎತ್ತಿ ಕೊಡುವುದು, ಬಟ್ಟೆ ಬದಲಿಸುವುದು, ತಾಯಿಗೆ ತಂಬಿಗೆ ನೀರು ತಂದಿಡುವುದು. ತವರಿನ ಬಾಣಂತನದಲ್ಲಿ ಅಳಿಯ ರವಿವಾರದ ಅತಿಥಿಯಾಗಿಬಿಡುವುದರಿಂದ ಇದು ಯಾವುದೂ ಅವನಿಗೆ ರೂಢಿಯಾಗುವುದಿಲ್ಲ.

ನೌಕರಿಗೆ ಮರಳುವಾಗ ಎರಡನೆಯ ಸುತ್ತಿನ ಕಷ್ಟ ಶುರುವಾಗುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಗಳಾದವು, ಸಂಬಳ ಸಹಿತ. ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಂಡವಳಿಗೆ ಉಳಿಯುವುದು 18 ವಾರ, ಅಂದರೆ ಆರು ತಿಂಗಳು ತುಂಬುವ ಮುಂಚೆಯೇ ಕೆಲಸಕ್ಕೆ ಹೋಗಬೇಕು. ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿರುವ ನನ್ನ ಗೆಳತಿ ಬೆಳಗಿನಲ್ಲಿ ಹಾಲು ಹಿಂಡಿ ಮುಚ್ಚಳದ ಸ್ಟೀಲ್ ಬಟ್ಟಲಿನಲ್ಲಿಟ್ಟು ಫ್ರಿಜ್ಜಿಗೆ ಹಾಕಿ ಹೊರಡುತ್ತಿದ್ದಳು, ಅವಳ ಅತ್ತೆ ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಚಮಚೆಯಿಂದ ಕುಡಿಸುತ್ತಿದ್ದರು. ಹೊರಗಿಟ್ಟರೆ ನಾಲ್ಕು ಗಂಟೆ ಮೀರಿ ಇಡಬಾರದು, ಸುಡು ಬೇಸಿಗೆಯಲ್ಲಿ ಅಷ್ಟೂ ಬೇಡ. ಒಲೆಯ ಮೇಲಿಟ್ಟು ಕುದಿಸಲೂಬಾರದು. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮಗಳಿಗೆ ಕಾನೂನಿನಲ್ಲಿ ಅವಕಾಶವಿದೆಯೆಂದು ಅವಳ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳು ಅದನ್ನು ಬರೆದೇ ಕೇಳಿದಳು. ವಿರಾಮ ಸಿಕ್ಕಿತು, ಕೂಡಲು ಜಾಗ ಸಿಕ್ಕಿದ್ದು ಹಳೆಯ ಲೆಡ್ಜರುಗಳ ಕೋಣೆಯಲ್ಲಿ.

ದಿನಗೂಲಿಯವರಿಗೆ ಈ ವಾರಗಳು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವವರ ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬಂದಿವೆ, ಉಳಿದ ಕೂಲಿಯವರ ಪಾಡು ಬೇರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುವ ಒಬ್ಬ ತಾಯಿ ನಮ್ಮ ಸಂಬಂಧಿಕರ ಮನೆಯ ಹತ್ತಿರ ಇದ್ದಾಳೆ. ಮೂರು ತಿಂಗಳ ಕೂಸನ್ನು ಮನೆಯಲ್ಲಿ ಬಿಟ್ಟು ವಖಾರಿಗೆ ಹೋಗುತ್ತಿದ್ದಳು, ಮಧ್ಯಾಹ್ನ ಅತ್ತೆ ಕೂಸನ್ನು ಅಲ್ಲಿಗೇ ಎತ್ತಿಕೊಂಡು ಬರುತ್ತಿದ್ದಳು. “ಕೂಸು ಮುಟ್ಟೂಕಿಂತ ಮೊದ್ಲ ಕೈಗೆ ಎಣ್ಣಿ ಹಚ್ಚಿ ತಿಕ್ಕಬೇಕ್ರಿ ಅಕ್ಕಾರ, ಸಾಬಾಣ ಒಂದ ಸಾಲಂಗಿಲ್ಲ” ಎಂದು ಆಕೆ ನನಗೆ ಹೇಳಿದಳು. ಮೆಣಸಿನ ಖಾರ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದರಿಂದ ಆಕೆ ಕಂಡುಕೊಂಡ ಉಪಾಯ ಸರಿಯಾಗಿಯೇ ಇದೆ. ಕೂಲಿ ತೂಕದ ಮೇಲೆ ಇರುವುದರಿಂದ ಕೈ ತೊಳೆದು, ಸೀರೆ ಸರಿಪಡಿಸಿಕೊಂಡು, ಹಾಲು ಕುಡಿಸಿ ಮತ್ತೆ ಕುಳಿತುಕೊಳ್ಳುವ ಹೊತ್ತೆಲ್ಲ ಆಕೆಯ ಕೂಲಿಯಿಂದಲೇ ಹೋಗುತ್ತದೆ. ಅಲ್ಲಿಗೆ ಏನು ಬೇಕು ಎಂದು ಕೇಳಿದರೆ ಆಕೆಯ ಪಟ್ಟಿ ಚಿಕ್ಕದು: ಕೈ ತೊಳೆಯಲು ಒಂದು ನಳ, ಘಾಟು ಬಡಿಯದ ಕಡೆ ಒಂದು ಮರೆ, ಮಧ್ಯಾಹ್ನ ಅರ್ಧ ತಾಸು. ನಳ ಬಂದಿದೆಯಂತೆ, ಉಳಿದ ಎರಡನ್ನು ಮಾಲೀಕರ ಹತ್ತಿರ ಕೇಳಲು ಹೆಂಗಸರೆಲ್ಲ ಸೇರಿ ಹೋಗುವ ವಿಚಾರದಲ್ಲಿದ್ದಾರೆ.