ಶೀಟಿನಲ್ಲಿ ಉಳಿದ ತೂತು

"ಇವತ್ತೇ ಮುಗಿಯುತ್ತಾ ಅಣ್ಣ?"

ಸೋಮವಾರ ಬೆಳಿಗ್ಗೆ ನಾನು ಕೇಳಿದ್ದು ಇಷ್ಟೇ. "ಮಳೆ ಬರೋದ್ರೊಳಗೆ ಇಳೀತೀನಿ ಅಕ್ಕಾ" ಎಂದು ಚಾವಣಿ ಕೆಲಸದವರು ಏಣಿ ಹತ್ತಿದರು. ಹತ್ತು ನಿಮಿಷಕ್ಕೆ ಸೌದೆ ಕೊಟ್ಟಿಗೆಯ ಸಿಮೆಂಟ್ ಶೀಟು ಮುರಿದು ಕೆಳಗೆ ಬಿದ್ದರು.

ಸಕಲೇಶಪುರದ ಕಡೆ ಮೇ ಬಂತೆಂದರೆ ಎಲ್ಲರಿಗೂ ಅದೇ ಅವಸರ. ಹೆಂಚು ಕೈಯಾಡಿಸಬೇಕು, ಶೀಟಿನ ಮೇಲಿನ ತರಗು ಗುಡಿಸಬೇಕು. ಜೂನ್ ಹಿಡಿದರೆ ಮೇಲೆ ಹತ್ತುವ ಹಾಗಿಲ್ಲ. ನಮ್ಮ ಮನೆಗೆ ಹನ್ನೆರಡು ವರ್ಷದಿಂದ ಅವರೇ. ಅವರು ನಡೆದರೆ ಒಂದು ಹೆಂಚೂ ಸದ್ದು ಮಾಡುತ್ತಿರಲಿಲ್ಲ. ಸಿಮೆಂಟ್ ಶೀಟು ಹಾಗಲ್ಲ. ನೋಡಲು ಗಟ್ಟಿ, ಆಳಿನ ಭಾರ ತಡೆಯಲ್ಲ. ಬೋಲ್ಟ್ ಹಾಕಿದ ಸಾಲಿನಲ್ಲೇ ಕಾಲಿಡಬೇಕು, ಕೆಳಗೆ ಪೈಪು ಇರುವುದು ಅಲ್ಲಿ ಮಾತ್ರ. ಅವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಹಿಂದಿನ ರಾತ್ರಿಯ ಮಳೆಗೆ ಪಾಚಿ ನೆನೆದಿತ್ತು. ಜಾರಿದ ಕಾಲು ಒಂದು ಗೇಣು ಆಚೆ ಬಿತ್ತು.

ಎರಡು ಹಲಗೆ ಅಡ್ಡ ಹಾಕಿದ್ದರೆ ಭಾರ ಹಂಚಿಹೋಗುತ್ತಿತ್ತು. ಹಲಗೆ ಅದೇ ಕೊಟ್ಟಿಗೆಯಲ್ಲಿದ್ದವು. ನನ್ನ ಬಾಯಿಗೆ ಹಲಗೆಯ ಮಾತು ಬರಲಿಲ್ಲ. ಬಂದದ್ದು, "ಇವತ್ತೇ ಮುಗಿಯುತ್ತಾ?"

ಓಡಿ ಹೋದಾಗ ಅಂಗಾತ ಬಿದ್ದಿದ್ದರು. ಮೇಲಿನ ತೂತಿನಿಂದ ಬೆಳಕು ನೇರ ಮುಖಕ್ಕೆ ಬೀಳುತ್ತಿತ್ತು. ಕೈಯಲ್ಲಿ ಪೊರಕೆ ಹಾಗೇ ಇತ್ತು. ತೋಟದವರು ಎತ್ತಿ ಜೀಪಿಗೆ ಹಾಕಲು ಬಂದರು. "ಎತ್ತಬೇಡಿ" ಎಂದು ಕೂಗಿದೆ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎತ್ತಿದ ರೀತಿಗೇ ಕಾಲು ಸ್ವಾಧೀನ ತಪ್ಪಬಹುದು. 108 ಬರುವವರೆಗೆ ತಲೆ ಅಲುಗದ ಹಾಗೆ ಹಿಡಿದು ಕೂತೆ. ಆಗ ಅವರು ಹೇಳಿದ್ದು, "ಶೀಟು ಹೋಯ್ತಲ್ಲ ಅಕ್ಕಾ."

"ಕುಡಿದಿದ್ನಾ?" ಪಕ್ಕದ ತೋಟದವರ ಮೊದಲ ಪ್ರಶ್ನೆ ಇದು. ಒಳ್ಳೆಯ ಮನುಷ್ಯರೇ, ಆದರೂ ಮೈ ಉರಿಯಿತು. ಬಿದ್ದವರದೇ ತಪ್ಪು ಅಂತಾದರೆ ಹತ್ತಿಸಿದವರಿಗೆ ನಿದ್ದೆ ಬರುತ್ತೆ, ಅಲ್ವಾ? ಅವರು ಕುಡಿದಿದ್ದು ನಾನು ಕೊಟ್ಟ ಕಾಫಿ.

ಸೊಂಟದ ಮೂಳೆ ಮುರಿದಿದೆ. ಪುಣ್ಯಕ್ಕೆ ಕಾಲು ಅಲುಗುತ್ತಿದೆ. ಹಾಸನದ ಆಸ್ಪತ್ರೆಯಲ್ಲಿ ಅವರ ಹೆಂಡತಿಯನ್ನು ಲೇಬರ್ ಕಾರ್ಡ್ ಇದೆಯಾ ಎಂದು ಕೇಳಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನವರು ಹೆಸರು ನೋಂದಾಯಿಸಿ ಆ ಕಾರ್ಡ್ ಪಡೆಯಬಹುದು. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. "ಅಲ್ಲೊಂದಿನ ಇಲ್ಲೊಂದಿನ ಹೋಗೋರಿಗೆ ಆ ತೊಂಬತ್ತು ದಿನ ಯಾರು ಬರೆದುಕೊಡ್ತಾರೆ ಅಕ್ಕಾ?" ಎಂದರು. ಹನ್ನೆರಡು ವರ್ಷದಲ್ಲಿ ನಾನೂ ಒಂದು ದಿನ ಬರೆದುಕೊಟ್ಟಿಲ್ಲ.

ನಿನ್ನೆ ಶೀಟು ಹಾಕಲು ಬೇರೆ ಹುಡುಗ ಬಂದಿದ್ದ. "ಸಂಜೆಯೊಳಗೆ ಮುಗಿಸಿಬಿಡ್ತೀನಿ" ಎಂದ. ಪಾಚಿ ಇನ್ನೂ ಹಸಿ. ಒಣಗಿದ ಮೇಲೆ ಬಾ ಎಂದು ಕಳಿಸಿ, ಏಣಿ ಒಳಗಿಟ್ಟೆ. ರಾತ್ರಿ ಮತ್ತೆ ಮಳೆ. ಅರ್ಧ ಸೌದೆ ನೆನೆದಿದೆ.